ಎತ್ತುವ ಕೈಗಳು

ನವಲಗುಂದದ ರುಬಿಯಾಳಿಗೆ ಜಮಖಾನ ನೇಯುವ ವಿದ್ಯೆ ಸಿಕ್ಕಿದ್ದು ಆಕೆಯ ಕಾಲು ಹೋದದ್ದರಿಂದ. ಇದನ್ನು ಆಕೆಯೇ ಹೇಳಿಕೊಂಡು ನಗುತ್ತಾಳೆ. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಹಾದ ಕಪ್ಪಿನೊಳಗೆ ಇಣುಕುತ್ತಾರೆ. ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇದೆ. ಮಗ್ಗದ ವಿದ್ಯೆ ಸೊಸೆಗೆ, ಮಗಳಿಗಲ್ಲ. ಮಗಳಿಗೆ ಕಲಿಸಿದರೆ ಆಕೆ ಮದುವೆಯಾಗಿ ಹೋಗುವಾಗ ವಿದ್ಯೆಯೂ ಟ್ರಂಕಿನೊಳಗೆ ಕೂತು ಬೀಗರ ಮನೆ ಸೇರುತ್ತದೆ ಎಂಬ ಹೆದರಿಕೆ. ರುಬಿಯಾಳಿಗೆ ಎರಡು ವರ್ಷವಾದಾಗ ಪೋಲಿಯೋ ಬಂದು ಎರಡೂ ಕಾಲು ಸೊರಗಿದವು. ತಾಯಿ ರಜಿಯಾಬಿ ಅತ್ತಳು, ಹರಕೆ ಹೊತ್ತಳು, ದರ್ಗಾ ಸುತ್ತಿದಳು. ಮಗಳಿಗೆ ಹನ್ನೆರಡು ತುಂಬಿದಾಗ ಕಣ್ಣೊರೆಸಿಕೊಂಡು ಆಕೆಯನ್ನು ಮಗ್ಗದ ಮುಂದೆ ಕೂರಿಸಿದಳು. "ಈಕಿ ಎಲ್ಲಿ ಹೊಕ್ಕಾಳ? ಈಕಿ ಕಲತದ್ದು ಈ ಮನ್ಯಾಗ ಇರತೈತಿ," ಎಂದು ಓಣಿಯವರಿಗೆಲ್ಲ ಹೇಳಿದಳು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ರುಬಿಯಾಳ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು.

ಈಗ ಆಕೆಗೆ ನಲವತ್ತೆರಡು. ನೂಲನ್ನು ಬಡಿದು ಕೂಡಿಸುವ ಕಬ್ಬಿಣದ ಪಂಜಾ ಹಿಡಿದು ಹಿಡಿದು ಆಕೆಯ ತೋಳುಗಳು ಗರಡಿಯವರ ತೋಳಿನಂತಾಗಿವೆ. ಮನೆಯೊಳಗೆ ಆಕೆಗೆ ಯಾರ ಹಂಗೂ ಇಲ್ಲ. ತಮ್ಮ ಬಾಬಾಸಾಬ ಹೊಸ್ತಿಲುಗಳನ್ನೆಲ್ಲ ತೆಗೆಸಿ ನೆಲ ಸಮ ಮಾಡಿಸಿದ್ದಾನೆ. ಗಾಲಿಕುರ್ಚಿ ಉರುಳಿಸಿಕೊಂಡು ಮಗ್ಗದ ತನಕ ಬರುತ್ತಾಳೆ, ತೋಳೂರಿ ತಾನೇ ಹಲಗೆಯ ಮೇಲೆ ಇಳಿಯುತ್ತಾಳೆ, ಸಂಜೆಗೆ ತಾನೇ ಏರುತ್ತಾಳೆ. ತಾಪತ್ರಯ ಶುರುವಾಗುವುದು ಊರು ಬಿಟ್ಟು ಹೋಗಬೇಕಾದಾಗ.

ದೊಡ್ಡವಳಾದ ಮೇಲೆ ಆಕೆ ರೈಲು ಹತ್ತಿದ್ದು ಮೂರೇ ಸಲ. ಅಳ್ನಾವರದ ಸೋದರತ್ತೆಯ ಮನೆಯ ಎರಡು ಮದುವೆ, ಬೆಂಗಳೂರಿನ ಒಂದು ಪ್ರದರ್ಶನ. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಯಾರೋ ಗಂಡಸರು ಆಕೆಯನ್ನು ಎತ್ತಿದ್ದಾರೆ. ಹಮಾಲರು, ಚಹಾ ಮಾರುವವರು, ಸುಮ್ಮನೆ ಅಲ್ಲಿ ನಿಂತವರು. ಒಳ್ಳೆಯವರೇ ಹೆಚ್ಚು. ಎತ್ತುವ ನೆಪದಲ್ಲಿ ಇಡಬಾರದ ಕಡೆ ಕೈ ಇಟ್ಟವರೂ ಇದ್ದರು. ಗಾಡಿ ಬಿಡುವ ಗಡಿಬಿಡಿಯಲ್ಲಿ ಯಾವ ಕೈ ಯಾರದು ಎಂದು ತಿಳಿಯುವುದಿಲ್ಲ. ತಿಳಿದರೂ ಎಲ್ಲರಿಗೂ ಸೇರಿಸಿ "ಭಾಳ ಉಪಕಾರ ಆತ್ರಿ" ಅನ್ನಬೇಕು. ರುಬಿಯಾ ಅಂದಿದ್ದಾಳೆ. ಅಂದು ಮನೆಗೆ ಬಂದು ಬಾಯಿ ಮುಕ್ಕಳಿಸಿದ್ದಾಳೆ. ಊರಿಗೆ ಹೊರಡುವ ಹಿಂದಿನ ಸಂಜೆಯಿಂದಲೇ ಆಕೆ ನೀರು ಮುಟ್ಟುವುದಿಲ್ಲ; ನಡುದಾರಿಯಲ್ಲಿ ಪಾಯಖಾನೆಗೆಂದು ಇನ್ನೊಮ್ಮೆ ಎತ್ತಿಸಿಕೊಳ್ಳುವುದು ತಪ್ಪಲಿ ಎಂದು. ಇದೊಂದನ್ನೂ ಆಕೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಮನೆಯಿಂದ ಹೊರಗೆ ಆಕೆಯ ಕಾಲು ಎಂದರೆ ಬಾಬಾಸಾಬನ ಹೆಂಡತಿ ಖುಷ್ಬೂ. ದೇವಿಕೊಪ್ಪದ ಹುಡುಗಿ, ಹತ್ತನೇ ಇಯತ್ತೆ ತನಕ ಕನ್ನಡ ಶಾಲೆಯಲ್ಲಿ ಓದಿದವಳು, ಉರ್ದುವಿಗಿಂತ ಕನ್ನಡವೇ ಬಾಯಿಗೆ ಸಲೀಸು. ಸೊಸೆಯಾಗಿ ಬಂದು ಹದಿನಾಲ್ಕು ವರ್ಷ. ಕಟ್ಟಳೆಯ ಪ್ರಕಾರ ಮಗ್ಗ ಅವಳದಾಗಬೇಕಿತ್ತು. ಆದರೆ ಅಡಿಗೆ, ಎರಡು ಮಕ್ಕಳು, ಅತ್ತೆಯ ಮಂಡಿನೋವು, ಮೇಲೆ ಆಪಾ ಎಂದು ಕರೆಯುವ ಗಂಡನ ಅಕ್ಕನನ್ನು ಅಲ್ಲಿಗೆ ಇಲ್ಲಿಗೆ ಒಯ್ಯುವುದು, ಇಷ್ಟರಲ್ಲಿ ಮಗ್ಗಕ್ಕೆ ಕೂರುವ ಹೊತ್ತು ಅವಳಿಗೆ ಸಿಗಲೇ ಇಲ್ಲ. ಗಾಡಿ ಬಂತೆಂದರೆ ಮುಂದೆ ಓಡಿ "ಅಣ್ಣಾರ, ಒಂದೀಟು ಕೈ ಹಚ್ಚರಿ" ಎಂದು ಮಂದಿಯನ್ನು ಕರೆಯುವವಳು ಅವಳೇ. ಅವಳ ಗಂಟಲು ದೊಡ್ಡದು, ಅದಕ್ಕೇ ಕೆಲಸ ಆಗುತ್ತದೆ ಎಂದು ಬಾಬಾಸಾಬ ನಾಲ್ಕು ಮಂದಿಯಲ್ಲಿ ಹೇಳಿಕೊಳ್ಳುತ್ತಾನೆ.

ಹೀಗಿರುವಾಗ ಒಂದು ದಿನ ಧಾರವಾಡದ ಕೈಕಸುಬಿನ ಸಂಸ್ಥೆಯ ಐಶ್ವರ್ಯ ಬಂದಳು. ಜರ್ಮನಿಯ ಒಂದು ವಸ್ತುಸಂಗ್ರಹಾಲಯದಲ್ಲಿ ಎಂಟು ದಿನ ಮಂದಿಯ ಮುಂದೆ ಕೂತು ನೇಯಬೇಕು, ಜೊತೆಗೊಬ್ಬರನ್ನು ಕರೆತರಬಹುದು ಎಂದಳು. ರುಬಿಯಾ ತಲೆ ಅಲ್ಲಾಡಿಸಿದಳು. ಅಣ್ಣಿಗೇರಿಗೆ ಹೋಗಿ ರೈಲು ಹತ್ತುವುದೇ ಒಂದು ಜಿಹಾದು, ಜರ್ಮನಿ ಯಾರಿಗೆ ಬೇಕಿತ್ತು? ಐಶ್ವರ್ಯ ಒತ್ತಾಯ ಮಾಡಲಿಲ್ಲ. ಫೋನು ತೆಗೆದು ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಮುದುಕಿಯೊಬ್ಬಳು ಗಾಲಿಕುರ್ಚಿಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಕಾಯುತ್ತಿದ್ದಳು. ಗಾಡಿ ಬಂತು, ಒಬ್ಬಾತ ಬಾಗಿಲಿಗೆ ಇಳಿಜಾರು ಹಲಗೆ ಹಾಕಿದ, ಮುದುಕಿ ಗಾಲಿ ತಿರುಗಿಸಿಕೊಂಡು ಒಳಗೆ ಹೋದಳು.

"ಅಲ್ಲಿ ನಿಮ್ಮನ್ನ ಯಾರೂ ಎತ್ತಂಗಿಲ್ರಿ, ಅಕ್ಕಾರ," ಎಂದಳು ಐಶ್ವರ್ಯ. "ಮುಟ್ಟಂಗೂ ಇಲ್ಲ. ಹಿಂದಿನ ದಿನ ಹೇಳಿಟ್ರ ಹಲಗಿ ತಂದು ಹಾಕ್ತಾರ. ನೀವ ಹತ್ತೂದು, ನೀವ ಇಳಿಯೂದು."

ರುಬಿಯಾ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿದಳು. ಮಗದೊಮ್ಮೆ ಹಾಕಿಸಿದಳು. ಆಮೇಲೆ, "ಬರ್ತೀನ್ರಿ," ಎಂದಳು. ಊರಿನವರು ಆಕೆ ಹೆಸರು ಮಾಡಲು ಹೊರಟಳು ಎಂದು ತಿಳಿದರು. ಹಾಗೇನೂ ಇರಲಿಲ್ಲ. ಮೈಮೇಲೆ ಒಬ್ಬರ ಕೈಯೂ ಬೀಳದ ಒಂದು ರೈಲು ಪ್ರಯಾಣ, ಜೀವಮಾನದಲ್ಲಿ ಒಂದೇ ಒಂದು, ಅಷ್ಟೇ ಆಕೆಗೆ ಬೇಕಾಗಿದ್ದದ್ದು. ರಜಿಯಾಬಿ ಮಾತ್ರ ಮೂಲೆಯಲ್ಲಿ ಕೂತು ಗೊಣಗಿದಳು: "ಎಲ್ಲಿಗೂ ಹೋಗಲಾರದಾಕಿ ಅಂತ ಕಲಿಸಿದ್ನಿ. ಈಗ ಅದ ವಿದ್ಯಾ ಈಕೀನ ಹೊತಗೊಂಡು ಹೊಂಟೈತಿ ನೋಡು."

ಜೊತೆಗೆ ಖುಷ್ಬೂ ಹೊರಟಳು. ವಿಮಾನದಲ್ಲಿಯೂ ಎತ್ತಿಯೇ ಕೂರಿಸಿದರು. ರುಬಿಯಾ ಹಲ್ಲು ಕಚ್ಚಿ ಸುಮ್ಮನಿದ್ದಳು. ಆಕೆಯ ಆಸೆಯೆಲ್ಲ ರೈಲಿನ ಮೇಲಿತ್ತು. ಇಳಿದುಕೊಳ್ಳಲು ಒಂದು ಸಣ್ಣ ಊರಿನಲ್ಲಿ ಕೋಣೆ ಮಾಡಿದ್ದರು. ಆ ಊರಿನ ಹೆಸರು ಇಬ್ಬರ ನಾಲಿಗೆಗೂ ಕೊನೆಯವರೆಗೆ ಹೊರಳಲಿಲ್ಲ, ಹಾಗಾಗಿ ಇಲ್ಲಿಯೂ ಬೇಡ. ವಸ್ತುಸಂಗ್ರಹಾಲಯ ಇದ್ದದ್ದು ರೈಲಿನಲ್ಲಿ ಒಂದು ತಾಸು ದೂರದ ದೊಡ್ಡ ಪಟ್ಟಣದಲ್ಲಿ. ಮಗ್ಗ ಹೂಡಲು ಐಶ್ವರ್ಯ ಹಿಂದಿನ ದಿನವೇ ಅಲ್ಲಿಗೆ ಹೋದಳು. ಹೋಗುವ ಮುಂಚೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಖುಷ್ಬೂನ ಕೈಗೆ ಕೊಟ್ಟಳು: "ಗಾಡಿ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಹಲಗೆ ತಂದು ಅವರೇ ಹತ್ತಿಸುತ್ತಾರೆ. ಇಳಿಯುವಲ್ಲಿಯೂ ಹಲಗೆ ತಂದಿರುತ್ತಾರೆ. ನೀವು ಏನೂ ಮಾಡಬೇಡಿ." ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಏನೂ ಮಾಡದೆ ಇರುವುದು ಖುಷ್ಬೂನ ಹಣೆಯಲ್ಲಿ ಬರೆದಿಲ್ಲ. ಎಂಟೂವರೆಗೇ ಇಬ್ಬರೂ ಸ್ಟೇಶನ್ನಿನಲ್ಲಿದ್ದರು. ರುಬಿಯಾ ಹಬ್ಬಕ್ಕೆ ಹೊಲಿಸಿದ ಹಸಿರು ಚೂಡಿದಾರ ತೊಟ್ಟಿದ್ದಳು, ತಲೆಯ ಮೇಲೆ ದುಪಟ್ಟಾ ಸರಿಮಾಡಿಕೊಳ್ಳುತ್ತ ಹಲಗೆ ಎಲ್ಲಿಂದ ಬರಬಹುದೆಂದು ಆ ಕಡೆ ಈ ಕಡೆ ನೋಡುತ್ತಿದ್ದಳು. ಒಂಬತ್ತು ದಾಟಿ ಸ್ವಲ್ಪ ಹೊತ್ತಿಗೆ ಅದೇ ಪ್ಲಾಟ್‌ಫಾರ್ಮಿಗೆ ಒಂದು ಉದ್ದನೆಯ ಗಾಡಿ ಬಂದು ನಿಂತಿತು. ಖುಷ್ಬೂ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹಾಳೆಯಲ್ಲಿ ಬರೆದ ಪಟ್ಟಣದ ಹೆಸರಿಗೆ ಹೊಂದಿಸಿ ನೋಡಿದಳು.

"ಆಪಾ, ಇದೂ ಅಲ್ಲಿಗೇ ಹೋಗತೈತ್ರಿ!"

"ನಮ್ಮದು ಹತ್ತೂ ಹನ್ನೆರಡಕ್ಕಲ್ಲ?"

"ಅದು ಬರಲಿಲ್ಲಂದ್ರ ಏನ್ಮಾಡೂದ್ರಿ? ಬಂದ ಗಾಡಿ ಯಾಕ ಬಿಡೂದು? ಲಗೂ ಹೋದ್ರ ಲಗೂ ಮುಟ್ಟತೀವಿ."

ಇದು ನಮ್ಮ ಕಡೆಯವರ ರಕ್ತದಲ್ಲಿ ಬಂದ ಗುಣ. ಹಿಂದೆ ಖಾಲಿ ಗಾಡಿ ಇದೆ ಎಂದು ಕಂಡಕ್ಟರ ಆಣೆ ಮಾಡಿ ಹೇಳಿದರೂ ಮುಂದೆ ನಿಂತ ಬಸ್ಸಿನ ಬಾಗಿಲಿಗೇ ಜೋತುಬೀಳುತ್ತೇವೆ. ದಿನಕ್ಕೆ ನಾಲ್ಕೈದು ಗಾಡಿ ಬರುವ ಊರಿನಲ್ಲಿ ಅದು ಬುದ್ಧಿವಂತಿಕೆಯೇ. ತಾಸಿಗೊಂದು ಗಾಡಿ ಬರುವ ದೇಶದಲ್ಲಿ, ಅದರಲ್ಲೂ ಹಲಗೆಯನ್ನು ಒಂದು ಗಾಡಿಗೆಂದೇ ಹೇಳಿಟ್ಟಾಗ, ಅದು ಬುದ್ಧಿಗೇಡಿತನ. ಖುಷ್ಬೂಗೆ ಇದು ಹೇಗೆ ಗೊತ್ತಾಗಬೇಕು?

ರುಬಿಯಾಳಿಗೆ ಗೊತ್ತಿತ್ತು. ಬೇಡ ಎಂದು ಆಕೆ ಹೇಳಬಹುದಿತ್ತು. ಆದರೆ ಎತ್ತಿಸಿಕೊಂಡೇ ಬದುಕಿದವರಿಗೆ ಬೇಡ ಎನ್ನುವ ರೂಢಿ ಇರುವುದಿಲ್ಲ. ಹದಿನಾಲ್ಕು ವರ್ಷ ತನ್ನನ್ನು ಹೊತ್ತವಳ ಮಾತು ತೆಗೆದುಹಾಕುವುದು ಹೇಗೆ ಎಂದು ಆಕೆ ಯೋಚಿಸುತ್ತಿರುವಾಗಲೇ ಖುಷ್ಬೂ ಬೆನ್ನುಚೀಲ ಹಾಕಿಕೊಂಡ ಇಬ್ಬರು ಹುಡುಗರ ಮುಂದೆ ಕೈ ಮುಗಿದು, ಎತ್ತುವ ಅಭಿನಯ ಮಾಡಿ ತೋರಿಸಿಯಾಗಿತ್ತು. ಹುಡುಗರು ನಗುತ್ತ ಬಂದರು. ಒಬ್ಬ ಹಿಂದಿನಿಂದ, ಒಬ್ಬ ಮುಂದಿನಿಂದ. ಮುಂದಿನವನ ಕೈ ಗಾಲಿಕುರ್ಚಿಯ ಚೌಕಟ್ಟು ಜಾರಿ ರುಬಿಯಾಳ ಮೊಣಕಾಲಿನ ಹಿಂದೆ ಹೋಯಿತು. ಪಾಪದ ಹುಡುಗ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ರುಬಿಯಾಳ ಮೈ ಹಿಡಿಯಷ್ಟಾಯಿತು. ಏಳು ಸಮುದ್ರ ದಾಟಿ ಬಂದು ಮತ್ತೆ ಅಣ್ಣಿಗೇರಿ ಸ್ಟೇಶನ್ನಿನಲ್ಲೇ ಇದ್ದಂತಾಯಿತು.

"ಆತಲ್ರಿ ಕೆಲಸ!" ಎಂದು ಖುಷ್ಬೂ ಬೆವರು ಒರೆಸಿಕೊಂಡಳು. ರುಬಿಯಾ ಕಿಟಕಿಯ ಕಡೆ ಮುಖ ಮಾಡಿದಳು. ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ತನ್ನ ಮೇಲೆಯೇ ಎನ್ನುತ್ತಿದ್ದಳು.

ಹುಡುಗರು ಅರ್ಧ ದಾರಿಯಲ್ಲಿ ಕೈ ಬೀಸಿ ಇಳಿದುಹೋದರು. ಪಟ್ಟಣ ಬಂದಾಗ ಬಾಗಿಲು ತೆರೆಯಿತು. ಕೆಳಗೆ ಎರಡು ಮೆಟ್ಟಿಲು, ಆಮೇಲೆ ಗೇಣಗಲ ಸಂದು. ಹಲಗೆಯೂ ಇಲ್ಲ, ಹಲಗೆಯವರೂ ಇಲ್ಲ. ಅವರು ಹೇಳಿದ ಗಾಡಿಗೆ ಹೇಳಿದ ಹೊತ್ತಿಗೆ ಬರುವವರು, ಅದಕ್ಕಿನ್ನೂ ಒಂದು ತಾಸು ಇತ್ತು. ಇಳಿಯುವವರು ಪಕ್ಕದ ಬಾಗಿಲಿನಿಂದ ಇಳಿದು ಲಗುಬಗೆಯಿಂದ ಹೋಗಿಬಿಟ್ಟರು. ಖುಷ್ಬೂ ಒಬ್ಬಳೇ ಕುರ್ಚಿ ಎಳೆದಳು. ಮುಂದಿನ ಸಣ್ಣ ಗಾಲಿ ಮೆಟ್ಟಿಲಿನಿಂದ ಜಾರಿ ಗಾಳಿಯಲ್ಲಿ ತೂಗಾಡಿತು. ರುಬಿಯಾ ಚೀರಿ ಬಾಗಿಲಿನ ಸರಳು ಹಿಡಿದಳು. ಖುಷ್ಬೂ ಹೆದರಿ ಕುರ್ಚಿಯನ್ನು ಒಳಗೆ ನೂಕಿದಳು.

"ಇಲ್ಲೇ ಇರ್ರಿ ಆಪಾ, ಮಂದೀನ ಕರಕೊಂಡು ಬರ್ತೀನಿ," ಎಂದು ಅವಳು ಜಿಗಿದು ಇಳಿದಳು.

ನಮ್ಮಲ್ಲಿ ಹೀಗೆ ಒಬ್ಬರು ಇಳಿದು ಬೊಬ್ಬೆ ಹೊಡೆದರೆ ಗಾರ್ಡಿನ ತನಕ ಕೂಗು ಮುಟ್ಟುತ್ತದೆ, ಯಾರೋ ಒಬ್ಬ ಚೈನು ಎಳೆಯುತ್ತಾನೆ. ಖುಷ್ಬೂ ದೂರದಲ್ಲಿ ನಿಂತ ಸಮವಸ್ತ್ರದವನ ತೋಳು ಹಿಡಿದು ಎಳೆಯುತ್ತಿದ್ದದ್ದು ರುಬಿಯಾಳಿಗೆ ಕಂಡಿತು. ಆತ ಅವಳ ಜೊತೆ ಓಡಿ ಬರತೊಡಗಿದ್ದೂ ಕಂಡಿತು. ಅಷ್ಟರಲ್ಲಿ ಪೀಂ ಪೀಂ ಎಂದು ಸದ್ದಾಗಿ ಬಾಗಿಲು ತಾನೇ ಮುಚ್ಚಿಕೊಂಡಿತು. ಗಾಜಿನಾಚೆ ಖುಷ್ಬೂನ ಬಾಯಿ ತೆರೆದಿತ್ತು, ಅಷ್ಟು ದೊಡ್ಡ ಗಂಟಲಿನ ಒಂದಕ್ಷರವೂ ಒಳಗೆ ಕೇಳಲಿಲ್ಲ. ಗಾಡಿ ಹೊರಟಿತು.

ಫೋನು ಖುಷ್ಬೂನ ಹತ್ತಿರ. ಪಾಸ್‌ಪೋರ್ಟು, ಹಾಳೆ, ಟಿಕೇಟು ಎಲ್ಲ ಅವಳ ಹೆಗಲಚೀಲದಲ್ಲಿ. ರುಬಿಯಾಳ ಹತ್ತಿರ ಇದ್ದದ್ದು ತೊಡೆಯ ಮೇಲಿಟ್ಟುಕೊಂಡ ಪಂಜಾ ಒಂದೇ. ಹೆದರಿಕೆಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಹಿಂದಿನ ಸಂಜೆಯಿಂದ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಹೊರಗೆ ಹೊಲಗಳು, ಹೆಂಚಿನ ಮನೆಗಳು, ಒಂದು ಹೊಳೆ ಓಡಿಹೋದವು. ಆಮೇಲೆ ಆ ಹೆದರಿಕೆಯ ಬೆನ್ನಿಗೇ ಒಂದು ಕೆಟ್ಟ ಯೋಚನೆ ಬಂತು. ಖುಷ್ಬೂ ಬೇಕಂತಲೇ ಇಳಿದಳೋ? ಇಲ್ಲ, ಓಡಿ ಬರುತ್ತಿದ್ದಳಲ್ಲ. ಆದರೂ ಇಳಿಯುವಾಗ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲವಲ್ಲ? ಹದಿನಾಲ್ಕು ವರ್ಷ ಹೊತ್ತವಳು ಒಂದು ದಿನ ಭಾರ ಇಳಿಸಿದರೆ ಅವಳನ್ನು ತಪ್ಪಿತಸ್ಥಳು ಎನ್ನುವುದು ಹೇಗೆ? ಅವಳ ಜಾಗದಲ್ಲಿ ತಾನಿದ್ದರೆ ಇಷ್ಟು ದಿನ ತಾಳುತ್ತಿದ್ದೆನೇ ಎಂದು ಕೇಳಿಕೊಂಡಳು ರುಬಿಯಾ. ಉತ್ತರ ಬಂದದ್ದು ಆಕೆಗೆ ಸೇರಲಿಲ್ಲ.

ಟಿಕೇಟು ನೋಡುವ ಹೆಂಗಸು ಬಂದಳು. ಕತ್ತರಿಸಿದ ನರೆಗೂದಲು, ಕೆಂಪು ಟೈ. ಏನೋ ಕೇಳಿದಳು. ರುಬಿಯಾ ತನಗೆ ಬರುವ ಭಾಷೆಯನ್ನೆಲ್ಲ ಹೊರಗೆ ಸುರಿದಳು. ಮೊದಲು ಉರ್ದು, ಆಮೇಲೆ ಕನ್ನಡ, ಕಡೆಗೆ "ಖುಷ್ಬೂ, ಖುಷ್ಬೂ" ಎಂದು ಹಿಂದೆ ಉಳಿದ ಊರಿನ ಕಡೆ ಬೆರಳು ತೋರಿಸಿದಳು. ಹೆಂಗಸು ಎದುರಿನ ಸೀಟಿನಲ್ಲಿ ಕೂತಳು. ಯಾರಿಗೋ ಫೋನು ಮಾಡಿದಳು, ಮತ್ತೊಬ್ಬರಿಗೆ ಮಾಡಿದಳು. ಆಮೇಲೆ ಜೇಬಿನಿಂದ ಚೀಟಿ ತೆಗೆದು ಚಿತ್ರ ಬರೆದಳು: ಒಂದು ಗಾಡಿ ಮುಂದೆ ಹೋಗುತ್ತಿದೆ, ಕೊನೆಗೊಂದು ಗುಂಡು ಗುರುತು, ಅಲ್ಲಿಂದ ಇನ್ನೊಂದು ಗಾಡಿ ಹಿಂದೆ ಬರುತ್ತಿದೆ. ಹಿಂದೆ ಬರುವ ಗಾಡಿಯ ತುದಿಗೆ ಒಂದು ಹೆಣ್ಣಿನ ಬೊಂಬೆ ಬರೆದು, "ಖುಷ್ಬೂ," ಎಂದಳು. ಬೊಂಬೆ ಖುಷ್ಬೂನ ಹಾಗೆ ಒಂದಿಷ್ಟೂ ಇರಲಿಲ್ಲ. ರುಬಿಯಾ ಆ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಹೆಂಗಸು ನೀರಿನ ಬಾಟಲಿ ತಂದುಕೊಟ್ಟಳು. ರುಬಿಯಾ ಬೇಡವೆಂದು ತಲೆ ಅಲ್ಲಾಡಿಸಿ, ಸಂಕೋಚದಿಂದ ಹೊಟ್ಟೆಯ ಕೆಳಗೆ ಕೈ ತೋರಿಸಿದಳು. ಹೆಣ್ಣಿಗೆ ಹೆಣ್ಣಿನ ಮಾತು ತಿಳಿಯಲು ಭಾಷೆ ಬೇಕೇ? ಹೆಂಗಸು ಪಕ್ಕದ ಬಾಗಿಲಿನ ಗುಂಡಿ ಒತ್ತಿದಳು. ನವಲಗುಂದದ ಮನೆಯ ಅಡಿಗೆಮನೆಯಷ್ಟು ಅಗಲದ ಪಾಯಖಾನೆ, ಎರಡೂ ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ತೋಳು. ಪಂಜಾ ಹಿಡಿದ ಕೈಗಳಿಗೆ ಅಷ್ಟು ಸಾಕಾಗಿತ್ತು. ರುಬಿಯಾ ಒಬ್ಬಳೇ ಹೋದಳು, ಒಳಗಿನಿಂದ ಅಗಳಿ ಹಾಕಿಕೊಂಡಳು, ಒಬ್ಬಳೇ ಬಂದಳು. ಬಂದು ಬಾಟಲಿಯ ನೀರನ್ನು ಗಟಗಟ ಕುಡಿದಳು. ಕುತ್ತಿಗೆಯ ಮೇಲೆ, ಹಸಿರು ಚೂಡಿದಾರದ ಮೇಲೆ ಚೆಲ್ಲಿಕೊಂಡು ಕುಡಿದಳು. ಪ್ರಯಾಣದಲ್ಲಿ ಆಕೆ ನೀರು ಕುಡಿದದ್ದು ಅದೇ ಮೊದಲು.

ಕೊನೆಯ ಊರಿನಲ್ಲಿ ಇಬ್ಬರು ಹಲಗೆ ಹಿಡಿದು ಕಾದಿದ್ದರು. ಬಾಗಿಲಿಗೆ ಹಲಗೆ ಬಿತ್ತು. ರುಬಿಯಾ ಇಳಿದಳು. ಎದುರಿನ ಗಾಡಿಗೆ ಹಲಗೆ ಬಿತ್ತು. ರುಬಿಯಾ ಎರಡೂ ಗಾಲಿಗಳನ್ನು ಬಲವಾಗಿ ತಿರುಗಿಸಿ ಹತ್ತಿದಳು. ಒಬ್ಬರ ಬೆರಳೂ ಆಕೆಗೆ ತಾಗಲಿಲ್ಲ. ಇಷ್ಟೇ ಅಲ್ಲವೇ ಆಕೆ ಬೇಡಿದ್ದು? ಸಿಕ್ಕಿತು. ಸಿಕ್ಕಾಗ "ನೋಡಿದೇನ ಖುಷ್ಬೂ?" ಎಂದು ಪಕ್ಕಕ್ಕೆ ತಿರುಗಿದಳು, ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಸುಳ್ಳು ಹೇಳಬಾರದು. ಗಾಡಿ ಹೊರಟು ಹೊಳೆಯ ದಂಡೆ ಬಂದಾಗ ಆಕೆ ಗಾಜಿಗೆ ಹಣೆ ಹಚ್ಚಿ ಕೂತಳು. ಹತ್ತು ನಿಮಿಷ ಖುಷ್ಬೂನ ನೆನಪು, ತಮ್ಮನ ನೆನಪು, ಮನೆಯ ನೆನಪು ಯಾವುದೂ ಬರಲಿಲ್ಲ. ನೆನಪಾದಾಗ ಕಳ್ಳತನ ಮಾಡಿದವಳಂತೆ ಗಾಬರಿಯಾದಳು.

ಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಖುಷ್ಬೂ ನೆಲದ ಮೇಲೆಯೇ ಕೂತಿದ್ದಳು, ಕಣ್ಣು ಬಾತಿದ್ದವು. ಪಕ್ಕದಲ್ಲಿ ಐಶ್ವರ್ಯ ನಿಂತಿದ್ದಳು. ಹಲಗೆಯ ಮೇಲಿಂದ ರುಬಿಯಾ ಇಳಿದು ಬಂದದ್ದನ್ನು ಇಬ್ಬರೂ ನೋಡಿದರು.

"ಏನೂ ಮಾಡಬ್ಯಾಡ್ರಿ ಅಂತ ಬರದಿದ್ನೆಲ್ರಿ," ಎಂದಳು ಐಶ್ವರ್ಯ, ಸಿಟ್ಟು ಮತ್ತು ಸಮಾಧಾನ ಎರಡೂ ಸೇರಿದ ದನಿಯಲ್ಲಿ. ಆ ದಿನ ರುಬಿಯಾ ಮಗ್ಗದ ಮುಂದೆ ಕೂರುವ ಹೊತ್ತಿಗೆ ನೋಡಲು ಬಂದವರಲ್ಲಿ ಅರ್ಧ ಮಂದಿ ಹೊರಟುಹೋಗಿದ್ದರು. ಉಳಿದವರು ಪಂಜಾದ ಹೊಡೆತ ಕೇಳಿ ಬೆಚ್ಚಿದರು. ನೇಯ್ಗೆ ಅಷ್ಟು ಬಿಗಿಯಾಗಿ ಬೀಳಬೇಕಾಗಿರಲಿಲ್ಲ.

ಸಂಜೆ ಕೋಣೆಯಲ್ಲಿ ಖುಷ್ಬೂ ಚಹಾ ಮಾಡಿ ತಂದಳು. ರುಬಿಯಾ ಕಪ್ಪು ತೆಗೆದುಕೊಳ್ಳದೆ ಕೇಳಿದಳು.

"ಖರೇ ಹೇಳು. ನೀ ಬೇಕಂತ ಇಳದಿ?"

"ಅಲ್ಲಾನ ಆಣಿ, ಇಲ್ರಿ ಆಪಾ!" ಖುಷ್ಬೂ ಕಪ್ಪನ್ನು ಕೆಳಗಿಟ್ಟಳು. ನೆಲ ನೋಡುತ್ತ ಹೇಳಿದಳು: "ಖರೇ ಕೇಳಿದ್ರಿ, ಖರೇ ಹೇಳ್ತೀನಿ. ಗಾಡಿ ಹ್ವಾದ ಮ್ಯಾಲೆ ಚೀರಿದ್ನಿ, ಅತ್ನಿ. ಆಮ್ಯಾಲೆ ಅಲ್ಲೇ ಕುಂತಾಗ ಒಂದು ಗಳಿಗಿ ಕೈ ಹಗರ ಆದ್ವು ಅನಿಸ್ತು. ಇನ್ನ ಯಾರನ್ನೂ ಕರೀಬೇಕಾಗಿಲ್ಲ, ಯಾರ ಮುಂದೂ ಕೈ ಮುಗೀಬೇಕಾಗಿಲ್ಲ ಅಂತ. ಒಂದ ಗಳಿಗಿ, ಆಪಾ. ಅದಕ್ಕ ಅಷ್ಟು ಅತ್ನಿ."

ರುಬಿಯಾಳ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನೂ ಹತ್ತು ನಿಮಿಷ ಮರೆತವಳೇ, ಆದರೂ ನೋವಾಯಿತು. ಖುಷ್ಬೂ ಇನ್ನೂ ಮುಗಿಸಿರಲಿಲ್ಲ.

"ಆ ಗಂಡಸರ ಕೈ ಎಲ್ಲೆಲ್ಲಿ ಹೋಗ್ತಾವು ಅಂಬೂದು ನನಗ ಕಾಣಂಗಿಲ್ಲ ಅಂತ ತಿಳದೀರೇನ್ರಿ? ಅಳ್ನಾವರದಾಗ ಕಂಡೀನಿ, ಬೆಂಗಳೂರಾಗೂ ಕಂಡೀನಿ. ಕಂಡೂ ಕರದೀನಿ. ಗಾಡಿ ಹೋಗತಿತ್ತು, ನಾ ಒಬ್ಬಾಕಿ, ಮತ್ತೇನ ಮಾಡ್ಲಿ? ನೀವು ಒಂದ ದಿನಾನೂ ಬೈಲಿಲ್ಲ. ಬೈದಿದ್ರ ಚೊಲೋ ಇತ್ತು."

ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡೆ ಎಂದು ತಿಳಿದಿದ್ದ ವಿಷವನ್ನು ಪಕ್ಕದಲ್ಲೇ ಇನ್ನೊಬ್ಬಳೂ ನುಂಗುತ್ತಿದ್ದಳು ಎಂದು ರುಬಿಯಾಳಿಗೆ ಅಂದು ತಿಳಿಯಿತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ನೋಡಿದ್ದಳು ಎಂಬುದೇ ನಾಚಿಕೆಯಾಯಿತು, ನೋಡಿಯೂ ಕರೆದಳು ಎಂಬುದು ಸಿಟ್ಟಾಯಿತು, ಆ ಸಿಟ್ಟಿಗೆ ನ್ಯಾಯವಿಲ್ಲ ಎಂಬುದು ದುಃಖವಾಯಿತು. "ಚಹಾ ಆರತೈತಿ, ಕುಡಿ," ಎಂದಷ್ಟೇ ಅಂದಳು.

ಉಳಿದ ಏಳು ದಿನ ಹೇಳಿದ ಗಾಡಿಗೇ ಹೋದರು, ಹೇಳಿದ ಗಾಡಿಗೇ ಬಂದರು. ಹಲಗೆ ಬೀಳುವಾಗ ಖುಷ್ಬೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಜಗಳವೇನೂ ಇರಲಿಲ್ಲ, ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಯಾವುದನ್ನು ಮತ್ತೆ ಶುರುಮಾಡಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಬೆಂಗಳೂರಿನಲ್ಲಿ ಗದಗಿನ ಗಾಡಿ ಹತ್ತುವಾಗ ನೂಕುನುಗ್ಗಲಿನಲ್ಲಿ ಹಮಾಲರು ಬಂದರು, ಎತ್ತಿದರು. ರುಬಿಯಾ ಕಣ್ಣು ಮುಚ್ಚಿಕೊಂಡಳು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಐಶ್ವರ್ಯ ಇಳಿದುಹೋದಳು. ಬಿಸಿಲೇರಿದ ಮೇಲೆ ಅಣ್ಣಿಗೇರಿ ಬಂತು. ಬಾಬಾಸಾಬ ತನ್ನ ಟಂಟಂ ರಿಕ್ಷಾ ತಂದಿದ್ದ, ಅಕ್ಕ ವಿಲಾಯತಿಯಿಂದ ಬರುತ್ತಾಳೆಂದು ಹೂವಿನ ಮಾಲೆ ತಂದಿದ್ದ. ನೆರೆಮನೆಯ ಹೊಳೆಪ್ಪನನ್ನು, ಹತ್ತಿ ಹಿಂಜುವ ದಾವೂದಸಾಬನನ್ನು, ಸ್ಟೇಶನ್ನಿನ ಇಬ್ಬರು ಹಮಾಲರನ್ನು ಸೇರಿಸಿಕೊಂಡು ಬೋಗಿಯ ಬಾಗಿಲಿಗೇ ಬಂದು ನಿಂತಿದ್ದ. ಸ್ಟೇಶನ್ ಮಾಸ್ತರರಿಗೆ ಒಂದು ಮಾತು ಹೇಳಿಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ನಾಲ್ಕು ಮಂದಿ ಗಟ್ಟಿಯಾಳು ಇರುವಾಗ ಯಾಕೆ ಹೊಳೆಯಬೇಕು?

"ಎರಡ ನಿಮಿಷ ನಿಲ್ಲತೈತಿ, ಲಗೂ! ಹೊಳೆಪ್ಪಾ, ನೀ ಹಿಂದ ಹಿಡಿ!" ಎಂದ ಬಾಬಾಸಾಬ. ಎಂಟು ಕೈಗಳು ಬಾಗಿಲಿನತ್ತ ಚಾಚಿದವು. ಎಲ್ಲವೂ ಗುರುತಿನ ಕೈ, ಪ್ರೀತಿಯ ಕೈ.

ಖುಷ್ಬೂ ಬಾಗಿಲಿಗೆ ಅಡ್ಡ ನಿಂತಿದ್ದಳು. "ನಿಂದರ್ರಿ," ಎಂದಳು ಅವರಿಗೆ. ಆಮೇಲೆ ಹಿಂತಿರುಗಿ ಮೆಲ್ಲಗೆ ಕೇಳಿದಳು: "ಆಪಾ, ಎತ್ತಾಕ ಹೇಳ್ಲೇನ್ರಿ?"

ಹೂಂ ಎಂಬುದು ರುಬಿಯಾಳ ನಾಲಿಗೆಯ ತುದಿಯಲ್ಲೇ ಇತ್ತು, ನಲವತ್ತು ವರ್ಷ ಅಲ್ಲೇ ಇದ್ದದ್ದು. ಆಕೆ ಬಾಯಿ ತೆರೆದಳು.

"ಬ್ಯಾಡ," ಎಂದಳು.

"ಏನ ಬ್ಯಾಡ? ಹುಚ್ಚ ಹಿಡದೈತೇನ್ ಆಪಾ? ಗಾಡಿ ಬಿಡತೈತಿ! ಸರೀ ಬೇ ಖುಷ್ಬೂ!" ಬಾಬಾಸಾಬ ಸರಳು ಹಿಡಿದು ಒಂದು ಕಾಲು ಮೇಲಿಟ್ಟ. ಖುಷ್ಬೂ ಸರಿಯಲಿಲ್ಲ. ಗಂಡನ ಮುಖವನ್ನು ನೋಡುತ್ತ ಬಾಗಿಲಿನ ಎರಡೂ ಬದಿಗೆ ಕೈ ಊರಿ ನಿಂತಳು. ಸೀಟಿ ಊದಿತು. ಗಾಡಿ ಕದಲಿತು. ಬಾಬಾಸಾಬ ಕೆಳಗೆ ಜಿಗಿದು, ಕೂಗುತ್ತ, ಮಾಲೆ ಹಿಡಿದುಕೊಂಡೇ ಪ್ಲಾಟ್‌ಫಾರ್ಮಿನ ತುದಿಯ ತನಕ ಓಡಿಬಂದ.

ಖುಷ್ಬೂ ಬಂದು ಗಾಲಿಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಳು. ಇಬ್ಬರೂ ಹೊರಗಿನ ಕರಿಹೊಲ ನೋಡುತ್ತ ಕೂತರು. ಖುಷ್ಬೂನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಗದಗಿನ್ಯಾಗೂ ಮಂದೀನ ಕರದು ಎತ್ತಿಸಬೇಕಲ್ರಿ, ಆಪಾ," ಎಂದಳು ಖುಷ್ಬೂ ಕಡೆಗೆ.

"ಗೊತ್ತೈತಿ."

"ಗೊತ್ತಿದ್ದೂ ಯಾಕ ಬ್ಯಾಡಂದ್ರಿ?"

ರುಬಿಯಾ ಮುಖ ಒರೆಸಿಕೊಂಡಳು.

"ನೀ ಕೇಳಿದೆಲ್ಲ, ಅದಕ್ಕ ಅಂದ್ನಿ," ಎಂದಳು. "ಇಷ್ಟು ದಿನಾ ಯಾರೂ ಕೇಳಿರಲಿಲ್ಲ."